ಮೂರನೇ ತೂತಿನ ಲೆಕ್ಕ: ಬ್ಲೂಸ್ ಮೌತ್ ಆರ್ಗನ್‌ನಲ್ಲಿ ಮುಂದೆ ಯಾವುದನ್ನು ಆರಿಸಬೇಕು

ಹತ್ತು ತೂತಿನ ಮೌತ್ ಆರ್ಗನ್ ಕೊಂಡು ಒಂದು ವರ್ಷ ಆಯ್ತು ಅಂತ ಇಟ್ಟುಕೊಳ್ಳಿ. ಒಂದೊಂದೇ ಸ್ವರ ಬಿಡಿಸಿ ಊದಲು ಬರುತ್ತದೆ. ನಾಲ್ಕನೇ ತೂತಿನಿಂದ ಏಳನೇ ತೂತಿನ ಒಳಗೆ ಮೋಹನವೂ ಹಂಸಧ್ವನಿಯೂ ಸಲೀಸಾಗಿ ನುಡಿಯುತ್ತವೆ. ರೈಲು ಬಂದ ಹಾಗೆ ಸದ್ದು ಮಾಡಿದರೆ ಮನೆಯ ಮಕ್ಕಳು ಕುಣಿಯುತ್ತಾರೆ. ಆದರೆ ಆಫ್ರಿಕನ್-ಅಮೆರಿಕನ್ನರ ಬ್ಲೂಸ್ ಸಂಗೀತದಲ್ಲಿ ಕೇಳುತ್ತೀರಲ್ಲ, ಅಳುವ ಹಾಗೆ, ಬೈಯುವ ಹಾಗೆ, ಪಕ್ಕದಲ್ಲಿ ಕೂತು ಯಾರೋ ಮಾತಾಡುವ ಹಾಗೆ ಇರುವ ಆ ಸದ್ದು, ಅದೊಂದು ಮಾತ್ರ ಬರುತ್ತಿಲ್ಲ. ಈ ಹಂತಕ್ಕೆ ಬಂದವರೆಲ್ಲ ಮಾಡುವ ಮೊದಲ ಕೆಲಸ ಫೋನ್ ತೆಗೆದು ಇನ್ನೊಂದು ದುಬಾರಿ ಮೌತ್ ಆರ್ಗನ್ ಹುಡುಕುವುದು. ನಾನೂ ಅದನ್ನೇ ಮಾಡಿದೆ.

ನಾನಿರುವುದು ಬದಿಯಡ್ಕದ ಹತ್ತಿರ. ಸುತ್ತಮುತ್ತ ಯಕ್ಷಗಾನ ಉಂಟು, ಭಜನೆ ಉಂಟು, ಮಾಪಿಳ್ಳಪ್ಪಾಟ್ಟು ಉಂಟು. ಬ್ಲೂಸ್ ಹೇಳಿಕೊಡುವವರು ಕಾಸರಗೋಡಿನಿಂದ ತಲಪಾಡಿವರೆಗೆ ಹುಡುಕಿದರೂ ನನಗೆ ಸಿಗಲಿಲ್ಲ. ಹಾಗಾಗಿ ಎಲ್ಲ ತಪ್ಪುಗಳನ್ನೂ ಸ್ವಂತ ದುಡ್ಡಿನಲ್ಲೇ ಮಾಡಿ ಕಲಿಯಬೇಕಾಯಿತು. ಯಾವುದು ಆರಿಸಿದರೆ ಏನಾಗುತ್ತದೆ ಅಂತ ಇಲ್ಲಿ ಹೇಳುತ್ತೇನೆ. ಬೆಲೆ ಬರೆಯುವುದಿಲ್ಲ, ಅದು ನೀವು ಓದುವ ಹೊತ್ತಿಗೆ ಬದಲಾಗಿರುತ್ತದೆ.

ಮೊದಲೇ ಒಂದು ಮಾತು. ನಿಮ್ಮ ಹತ್ತಿರ ಇರುವುದು ಜಾತ್ರೆಯಲ್ಲಿ ಸಿಗುವಂಥ, ಮೇಲೆ ಕೆಳಗೆ ಎರಡು ಸಾಲು ತೂತಿನ, ಸದ್ದು ಸಣ್ಣಗೆ ನಡುಗುವ ಟ್ರೆಮೊಲೊ ಆಗಿದ್ದರೆ ಈ ಬರಹದ ಅರ್ಧ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ರೀಡ್ ಅಂದರೆ ಗಾಳಿಗೆ ಅದುರಿ ಸ್ವರ ಕೊಡುವ ತೆಳು ಲೋಹದ ಪಟ್ಟಿ. ಟ್ರೆಮೊಲೊದಲ್ಲಿ ಊದುವ ರೀಡ್ ಒಂದು ಕೋಣೆ, ಉಸಿರು ಒಳಗೆ ಎಳೆಯುವಾಗಿನ ರೀಡ್ ಇನ್ನೊಂದು ಕೋಣೆ. ಬ್ಲೂಸಿಗೆ ಎರಡೂ ಒಂದೇ ತೂತಿನ ಹಿಂದೆ ಇರಬೇಕು. ಅದಕ್ಕೆ ಬೇಕಾದ್ದು ಹತ್ತು ತೂತು, ಇಪ್ಪತ್ತು ರೀಡಿನ ಡಯಾಟೋನಿಕ್. ಬ್ಲೂಸಿನವರು ಅದನ್ನು ಹಾರ್ಪ್ ಅಂತ ಕರೆಯುತ್ತಾರೆ. ನಾನೂ ಇನ್ನು ಹಾಗೇ ಬರೆಯುತ್ತೇನೆ, ಬೆರಳಿಗೆ ಕೆಲಸ ಕಡಿಮೆ.

ಅಳೆಯುವುದು ಯಾವುದರಿಂದ?

ಸಿ ಕೀಯ, ಅಂದರೆ ಸಿ ಶ್ರುತಿಯ, ಹಾರ್ಪಿನ ಮೂರನೇ ತೂತಿನಿಂದ ಉಸಿರು ಒಳಗೆ ಎಳೆದರೆ ಬರುವ ಸ್ವರ ಬಿ. ಬ್ಲೂಸಿನಲ್ಲಿ ಸಿ ಹಾರ್ಪನ್ನು ಜಿ ಶ್ರುತಿಗೆ ನುಡಿಸುವುದು ರೂಢಿ. ಅಂದರೆ ಜಿ ನಮ್ಮ ಷಡ್ಜ, ಈ ಬಿ ಅಂತರ ಗಾಂಧಾರ. ಅದೇ ತೂತಿನಲ್ಲಿ ಬಾಯಿಯ ಒಳಗಿನ ಆಕಾರ ಬದಲಿಸಿ ಸ್ವರ ಬಗ್ಗಿಸಿದರೆ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರ ಬರುತ್ತದೆ. ಇದಕ್ಕೇ ಬೆಂಡ್ ಅನ್ನುವುದು. ಇನ್ನೂ ಬಗ್ಗಿಸಿದರೆ ಚತುಶ್ರುತಿ ರಿಷಭ. ಇನ್ನೂ ಇಳಿಸಿದರೆ ಶುದ್ಧ ರಿಷಭ. ಒಂದೇ ತೂತು, ಒಂದೇ ದಿಕ್ಕಿನ ಉಸಿರು, ನಾಲ್ಕು ಸ್ವರ!

ಬೇರೆ ಯಾವ ತೂತಿನಲ್ಲೂ ಎಳೆತದಲ್ಲಿ ಇಷ್ಟು ಇಲ್ಲ. ಎರಡನೆಯದು ಎರಡು ಮೆಟ್ಟಿಲು ಇಳಿಯುತ್ತದೆ. ಒಂದು, ನಾಲ್ಕು, ಆರು ಒಂದೊಂದೇ ಮೆಟ್ಟಿಲು. ಐದು ಇಳಿದ ಹಾಗೆ ಮಾಡಿ ನಿಲ್ಲುತ್ತದೆ. ಕಾರಣ ಸರಳ. ಮೊದಲ ಆರು ತೂತುಗಳಲ್ಲಿ ಎಳೆಯುವ ರೀಡಿನ ಸ್ವರ ಮೇಲೆ, ಊದುವ ರೀಡಿನದು ಕೆಳಗೆ. ಬೆಂಡ್ ಮಾಡುವಾಗ ಮೇಲಿನ ರೀಡ್ ಇಳಿಯುತ್ತಾ ಬರುತ್ತದೆ, ಕೆಳಗಿನದು ಅದರ ಜೊತೆ ಸೇರಿಕೊಂಡು ಕೆಲಸ ವಹಿಸಿಕೊಳ್ಳುತ್ತದೆ. ಎರಡರ ನಡುವೆ ಎಷ್ಟು ಎಡೆ ಇದೆಯೋ ಅಷ್ಟೇ ಆಟ. ಮೂರನೇ ತೂತಿನಲ್ಲಿ ಜಿ ಮತ್ತು ಬಿ, ನಡುವೆ ಬೇಕಾದಷ್ಟು ಜಾಗ. ಐದರಲ್ಲಿ ಇ ಮತ್ತು ಎಫ್, ಪಕ್ಕದ ಮನೆಯವರು.

ಬ್ಲೂಸಿನ ಜೀವ ಇರುವುದು ಈ ಎರಡು ಗಾಂಧಾರಗಳ ನಡುವೆ. ಅಂತರವೂ ಅಲ್ಲ, ಸಾಧಾರಣವೂ ಅಲ್ಲ, ಎರಡರ ಮಧ್ಯೆ ಎಲ್ಲೋ ಎಳೆದು ನಿಲ್ಲಿಸುವುದು. ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಹೊಸದೇನಲ್ಲ, ಗಮಕ ಕೇಳಿದ್ದೇವಲ್ಲ. ಆದರೆ ಬಾಯಿಗೆ ಹೊಸದು.

ಹಾಗಾಗಿ ನನ್ನ ಅಳತೆಗೋಲು ಇದೊಂದೇ. ತಂಬೂರಿ ಆಪ್‌ನಲ್ಲಿ ಜಿ ಶ್ರುತಿ ಇಟ್ಟು, ಮೂರನೇ ತೂತಿನ ಸಾಧಾರಣ ಗಾಂಧಾರವನ್ನು ಐದು ಸೆಕೆಂಡ್ ಅಲುಗದೆ ನಿಲ್ಲಿಸಬೇಕು. ನಿಮ್ಮ ಮುಂದಿರುವ ಆಯ್ಕೆ, ಅದು ವಸ್ತುವೇ ಇರಲಿ, ಪಾಠವೇ ಇರಲಿ, ಇದಕ್ಕೆ ಸಹಾಯ ಮಾಡುತ್ತದಾ? ಮಾಡಿದರೆ ಹೌದು. ಇಲ್ಲದಿದ್ದರೆ ಆಮೇಲೆ ನೋಡೋಣ.

ಹೊಸ ಹಾರ್ಪಾ, ಹೊಸ ಕೀಯಾ?

ನನ್ನ ಮೊದಲ ಹಾರ್ಪಿನಲ್ಲಿ ಎರಡನೇ ತೂತು ಎಳೆದರೆ ಸದ್ದೇ ಬರುತ್ತಿರಲಿಲ್ಲ. ಬಂದರೂ ಗಂಟಲು ಕಟ್ಟಿದವರ ಹಾಗೆ. ಮಾಲು ಹಾಳು ಅಂತ ತೀರ್ಮಾನಿಸಿ ಮಂಗಳೂರಿಗೆ ಬಸ್ ಹತ್ತಿದೆ. ಅಂಗಡಿಯಲ್ಲಿದ್ದ ಹಿರಿಯರು ಮೇಜಿನ ಕೆಳಗಿನಿಂದ ಒಂದು ಪುಟ್ಟ ತಿದಿ ತೆಗೆದರು. ಮೌತ್ ಆರ್ಗನ್ ಪರೀಕ್ಷೆ ಮಾಡಲು ಅಂಗಡಿಗಳಲ್ಲಿ ಇಟ್ಟಿರುತ್ತಾರೆ, ಬಾಯಿ ಹಚ್ಚುವ ಹಾಗಿಲ್ಲವಲ್ಲ. ಅದರ ಮೇಲೆ ನನ್ನ ಹಾರ್ಪ್ ಇಟ್ಟು ಒಂದೊಂದೇ ತೂತು ನೋಡಿದರು. ಎರಡನೆಯದು ದೇವಸ್ಥಾನದ ಗಂಟೆಯ ಹಾಗೆ ಕೇಳಿತು. "ಇದು ಸರಿ ಉಂಟು. ನಿಮ್ಮ ಬಾಯಿ ಬಿಗಿ ಉಂಟು" ಅಂದರು. ಅಷ್ಟು ದೂರ ಹೋಗಿದ್ದಕ್ಕೆ ಒಂದು ಎ ಕೀಯ ಹಾರ್ಪ್ ಕೊಂಡು ಬಂದೆ. ಹಿಂದೆ ನೋಡಿದರೆ ಅವತ್ತು ಮಾಡಿದ ಸರಿಯಾದ ಕೆಲಸ ಅದೊಂದೇ.

ಸಿ ಹಾರ್ಪ್ ಚೆನ್ನಾಗಿದ್ದರೆ ಅದಕ್ಕಿಂತ ದುಬಾರಿಯ ಇನ್ನೊಂದು ಸಿ ಬೇಡ. ಅದೇ ದುಡ್ಡಿಗೆ ಬೇರೆ ಕೀ ತೆಗೆದುಕೊಳ್ಳಿ. ಕೀ ಅಂದರೆ ನಮ್ಮ ಶ್ರುತಿಯೇ. ಸಿ ಅಂದರೆ ಬಿಳಿ 1, ಡಿ ಬಿಳಿ 2, ಇ ಬಿಳಿ 3, ಜಿ ಬಿಳಿ 5, ಎ ಬಿಳಿ 6. ಲೆಕ್ಕ ಹೇಗೆ ಅಂದರೆ, ಹಾಡು ಯಾವ ಶ್ರುತಿಯಲ್ಲಿದೆಯೋ ಅದರ ಶುದ್ಧ ಮಧ್ಯಮ ಯಾವುದು ನೋಡಿ, ಆ ಕೀಯ ಹಾರ್ಪ್ ಬೇಕು. ಗಿಟಾರಿನವರಿಗೆ ಇ ಬಹಳ ಪ್ರೀತಿ. ಇ ಶ್ರುತಿಯ ಮಧ್ಯಮ ಎ, ಹಾಗಾಗಿ ಎ ಹಾರ್ಪ್. ಅವರು ಎ ಶ್ರುತಿಯಲ್ಲಿ ಬಾರಿಸಿದರೆ ಡಿ ಹಾರ್ಪ್. ಜಿ ಆದರೆ ಕೈಯಲ್ಲಿರುವ ಸಿ ಸಾಕು.

ಎ ಅಥವಾ ಡಿ, ಎರಡರಲ್ಲಿ ಮೊದಲು ಯಾವುದು? ನನ್ನ ಮಟ್ಟಿಗೆ ಎ. ಅದು ಸಿ ಗಿಂತ ತಗ್ಗು, ರೀಡ್ ನಿಧಾನಕ್ಕೆ ಬಗ್ಗುತ್ತದೆ, ಮೂರನೇ ತೂತಿನ ನಾಲ್ಕು ಸ್ವರಗಳೂ ಬೇರೆಬೇರೆಯಾಗಿ ಕೇಳುತ್ತವೆ. ಡಿ ಎತ್ತರದ್ದು. ಅದರಲ್ಲಿ ನಾಲಿಗೆ ಕೂದಲೆಳೆಯಷ್ಟು ಸರಿದರೂ ಸ್ವರ ಜಾರಿಬಿಡುತ್ತದೆ. ಜಿ ಕೀ ಇನ್ನೂ ತಗ್ಗು. ಬಾಯಿ ತುಂಬಾ ಜಾಗ ಮಾಡಿಕೊಡಬೇಕು, ಇಲ್ಲದಿದ್ದರೆ ಎರಡನೇ ತೂತು ಮತ್ತೆ ಮುನಿಸಿಕೊಳ್ಳುತ್ತದೆ. ಸಿ, ಎ, ಡಿ ಮೂರಿದ್ದರೆ ಎರಡು ವರ್ಷಕ್ಕೆ ಧಾರಾಳ.

ಏಳು ಕೀಗಳ ಅಗ್ಗದ ಪೆಟ್ಟಿಗೆ ಸೆಟ್ ಸಿಗುತ್ತದೆ, ನೋಡಲು ಚಂದ. ಆದರೆ ಗಾಳಿ ಸೋರುವ ಹಾರ್ಪಿನಲ್ಲಿ ಬೆಂಡ್ ಕಲಿಯುವುದು ಒಡೆದ ಕೊಡದಲ್ಲಿ ನೀರು ಹೊತ್ತ ಹಾಗೆ. ಏಳು ಸೋರುವುದಕ್ಕಿಂತ ಎರಡು ಗಟ್ಟಿಯದು ವಾಸಿ.

ಮರವಾ, ಪ್ಲಾಸ್ಟಿಕ್ಕಾ?

ಹಾರ್ಪಿನ ನಡುವೆ ಬಾಚಣಿಗೆಯ ಹಾಗೆ ಒಂದು ತುಂಡು ಇರುತ್ತದೆ, ಅದಕ್ಕೆ ಕೋಂಬ್ ಅಂತಲೇ ಹೆಸರು. ಇದು ಮರದ್ದಾದರೆ ನಾದ ಬೆಚ್ಚಗೆ, ಪ್ಲಾಸ್ಟಿಕ್ಕಾದರೆ ಒಣಕಲು ಅಂತ ವಾದ ಮಾಡುವವರಿದ್ದಾರೆ. ಕಣ್ಣು ಕಟ್ಟಿ ಕೇಳಿಸಿದರೆ ನನಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಾಳಿ ಸೋರದೆ ಇರುವುದು ಮುಖ್ಯ.

ನಮ್ಮ ಕಡೆಯ ಪ್ರಶ್ನೆ ನಾದದ್ದಲ್ಲ, ಮಳೆಯದ್ದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಅಂಗಿಗೇ ಬೂಸಲು ಹಿಡಿಯುವ ಊರು ಇದು. ಎಣ್ಣೆ, ಮೆರುಗು ಏನೂ ಕಾಣದ ಬರಿ ಮರದ ಕೋಂಬ್ ಇದ್ದ ಒಂದು ಹಾರ್ಪ್ ನನ್ನಲ್ಲಿತ್ತು. ಆಟಿ ತಿಂಗಳಲ್ಲಿ ಅದರ ಹಲ್ಲುಗಳು ಎಂಜಲು ಮತ್ತು ತೇವ ಕುಡಿದು ಉಬ್ಬಿ ಹೊರಗೆ ಬಂದವು. ಊದುತ್ತಾ ಜಾರಿಸಿದರೆ ತುಟಿ ಕೆರೆಯುತ್ತಿತ್ತು. ಒಂದು ದಿನ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ತುತ್ತು ಬಾಯಿಗಿಟ್ಟಾಗ ಗೊತ್ತಾಯಿತು, ಎಲ್ಲೆಲ್ಲಿ ಕೆರೆದಿದೆ ಅಂತ. ದೀಪಾವಳಿ ಹೊತ್ತಿಗೆ ಮರ ಒಣಗಿ ಕುಗ್ಗಿ ಎಡೆ ಬಿಟ್ಟಿತು, ಗಾಳಿ ಸೋರಲು ಶುರು.

ಹಾಗಾಗಿ ಕರಾವಳಿಯಲ್ಲಿ ಇರುವವರಿಗೆ ನನ್ನ ಓಟು ಪ್ಲಾಸ್ಟಿಕ್ಕಿಗೆ. ಹೋನರ್ ಕಂಪನಿಯ ಸ್ಪೆಷಲ್ 20 ಇದೆ. ಅದರಲ್ಲಿ ರೀಡ್ ತಗಡು ಕೋಂಬಿನ ಒಳಗೇ ಕೂತಿರುತ್ತದೆ, ತುಟಿಗೆ ಅಂಚು ತಾಗುವುದಿಲ್ಲ, ಗಾಳಿಯೂ ಸೋರುವುದು ಕಡಿಮೆ. ಜಪಾನಿನ ಟೊಂಬೊ ಮಾಡುವ ಲೀ ಆಸ್ಕರ್ ಇದೆ. ಒಂದು ರೀಡ್ ಹೋದರೆ ರೀಡ್ ತಗಡು ಮಾತ್ರ ಬೇರೆ ಸಿಗುತ್ತದೆ, ಪೂರ್ತಿ ಹಾರ್ಪ್ ಎಸೆಯಬೇಕಾಗಿಲ್ಲ. ಜರ್ಮನಿಯ ಸೈಡೆಲ್‌ನ ಸೆಷನ್ ಸ್ಟೀಲ್‌ನಲ್ಲಿ ರೀಡ್ ಹಿತ್ತಾಳೆಯದ್ದಲ್ಲ, ಸ್ಟೇನ್‌ಲೆಸ್ ಸ್ಟೀಲ್. ಜೋರಾಗಿ ಎಳೆಯುವ ಅಭ್ಯಾಸ ಇನ್ನೂ ಬಿಡದವರಿಗೆ ಒಳ್ಳೆಯದು.

ಮರವೇ ಬೇಕು ಅನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಹೋನರ್ ಮರೀನ್ ಬ್ಯಾಂಡ್ 1896ರಲ್ಲಿ ಬಂದದ್ದು. ನಾವು ಕೇಳಿ ಮರುಳಾಗುವ ಹಳೆಯ ಬ್ಲೂಸ್ ಧ್ವನಿಮುದ್ರಿಕೆಗಳಲ್ಲಿ ಜಾಸ್ತಿ ಕೇಳುವುದು ಅದೇ. ಅದನ್ನೇ ಕೈಯಲ್ಲಿ ಹಿಡಿಯಬೇಕು ಅನ್ನಿಸುವುದು ಸಹಜ ಅಲ್ವಾ? ಹಾಗಾದರೆ ತೇವ ತಾಗದ ಹಾಗೆ ಮುಚ್ಚಿದ ಮರದ ಮಾದರಿ ನೋಡಿ. ಮರೀನ್ ಬ್ಯಾಂಡ್ ಡೀಲಕ್ಸ್ ಹಾಗಿದೆ. ಬಿದಿರಿನ ಕೋಂಬಿನ ಕ್ರಾಸೋವರ್ ಕೂಡ. ಇವು ಮೊಳೆಯ ಬದಲು ಸ್ಕ್ರೂ ಹಾಕಿದವು, ಬಿಚ್ಚಿ ತೊಳೆಯಲು ಸುಲಭ.

ಒಂದು ಅಡ್ಡಮಾತು. ಯಾವ ಹಾರ್ಪೇ ಇರಲಿ, ಹಲಸಿನ ಹಣ್ಣು ತಿಂದು ಬಾಯಿ ಮುಕ್ಕಳಿಸದೆ ಊದಬೇಡಿ. ಮರುದಿನ ಬೆಳಿಗ್ಗೆ ನಾಲ್ಕನೇ ತೂತಿನಿಂದ ಸಾಲುಸಾಲಾಗಿ ಇರುವೆ ಹೊರಟಿತ್ತು. ಈಗ ಹಾರ್ಪುಗಳು ಸ್ಟೀಲ್ ಬುತ್ತಿಯೊಳಗೆ, ಜೊತೆಗೆ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ.

ತುಟಿಯಾ, ನಾಲಿಗೆಯಾ?

ಒಂದೇ ಸ್ವರ ಹಿಡಿಯಲು ಎರಡು ದಾರಿ. ಶಿಳ್ಳೆ ಹಾಕುವ ಹಾಗೆ ತುಟಿ ಕೂಡಿಸಿ ಒಂದು ತೂತಿಗೆ ಮಾತ್ರ ಹಚ್ಚುವುದು ಒಂದು. ಬಾಯಿ ಅಗಲ ಮಾಡಿ ಮೂರು ನಾಲ್ಕು ತೂತು ಒಳಗೆ ತೆಗೆದುಕೊಂಡು, ಬೇಡದ ತೂತುಗಳನ್ನು ನಾಲಿಗೆಯಿಂದ ಮುಚ್ಚಿ, ಬಲಗಡೆ ಉಳಿದ ಎಡೆಯಿಂದ ನುಡಿಸುವುದು ಇನ್ನೊಂದು. ಎರಡನೆಯದಕ್ಕೆ ಟಂಗ್ ಬ್ಲಾಕ್ ಅನ್ನುತ್ತಾರೆ. ಶುರುವಿನಲ್ಲಿ ಎಲ್ಲರೂ ತುಟಿಯವರೇ.

ಬೆಂಡ್ ಕಲಿಯಲು ತುಟಿಯೇ ಸುಲಭ. ನಾಲಿಗೆ ಬಿಡುವಾಗಿರುತ್ತದೆ, ಆಕಾರ ಮಾಡಬಹುದು. "ಈ" ಅಂತ ಎಳೆಯುತ್ತಾ ನಿಧಾನವಾಗಿ "ಯೂ" ಕಡೆಗೆ ಹೋಗಿ, ನಾಲಿಗೆಯ ಬೆನ್ನು ಹಿಂದೆ ಸರಿದು ಮೇಲೆದ್ದ ಹಾಗೆ. ಮೂರನೇ ತೂತಿನ ಅರ್ಧ ಬೆಂಡಿಗೆ ಸ್ವಲ್ಪ ಸರಿದರೆ ಸಾಕು. ಪೂರ್ತಿ ಇಳಿಸಬೇಕಾದರೆ ನಾಲಿಗೆ ಕವರ್ಗ ಹುಟ್ಟುವ ಜಾಗದ ಹತ್ತಿರಕ್ಕೆ ಹೋಗಬೇಕು. ಬಲ ಹಾಕುವುದು ತಪ್ಪು. ನಾನು ಬಲ ಹಾಕಿಯೇ ಎಂಟು ತಿಂಗಳಲ್ಲಿ ಒಂದು ಹಾರ್ಪಿನ ನಾಲ್ಕನೇ ತೂತಿನ ಎಳೆಯುವ ರೀಡ್ ಕೊಂದೆ. ದಿನದಿಂದ ದಿನಕ್ಕೆ ಶ್ರುತಿ ಇಳಿಯುತ್ತಾ ಬಂದು ಒಂದು ದಿನ ಸುಮ್ಮನಾಯಿತು.

ಹಾಗಾದರೆ ನಾಲಿಗೆಯ ದಾರಿ ಯಾಕೆ ಬೇಕು? ದಪ್ಪ ಸದ್ದಿಗೆ. ನಾಲಿಗೆ ತೂತುಗಳ ಮೇಲೆ ಟಪ್ ಅಂತ ಬಡಿದರೆ ಮೊದಲು ಎರಡು ಮೂರು ಸ್ವರ ಒಟ್ಟಿಗೆ ಸಿಡಿದು ತಕ್ಷಣ ಒಂದೇ ಸ್ವರ ಉಳಿಯುತ್ತದೆ. ಮದ್ದಳೆಯ ಪೆಟ್ಟಿನ ಮೊದಲ ಕ್ಷಣ ನೆನಪಿಸಿಕೊಳ್ಳಿ, ಹಾಗೆ. ನಾಲಿಗೆ ನಡುವೆ ಇಟ್ಟು ಎರಡೂ ಕಡೆ ಗಾಳಿ ಬಿಟ್ಟರೆ ಒಂದು ಮತ್ತು ನಾಲ್ಕನೇ ತೂತು ಒಟ್ಟಿಗೆ ನುಡಿದು, ಎಳೆದರೂ ಊದಿದರೂ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಕೇಳುತ್ತದೆ. ಎರಡು ಮತ್ತು ಐದು ಎಳೆದರೆ ಷಡ್ಜದ ಮೇಲೆ ಕೈಶಿಕಿ ನಿಷಾದ. ಕೇಳಿದ ಕೂಡಲೇ ಬ್ಲೂಸ್ ಅಂತ ಗೊತ್ತಾಗುವ ಸದ್ದು ಇದು. ಶಿಕಾಗೋದ ಹಳೆಯ ಹಾರ್ಪ್ ವಾದಕರಲ್ಲಿ ಲಿಟ್ಲ್ ವಾಲ್ಟರ್, ಬಿಗ್ ವಾಲ್ಟರ್ ಹಾರ್ಟನ್ ಇಬ್ಬರಲ್ಲೂ ಈ ನಾಲಿಗೆಯ ಕೆಲಸ ತುಂಬಾ ಇದೆ. ಅದಿಲ್ಲದೆ ಅವರನ್ನು ನಕಲು ಮಾಡಿದರೆ ಸ್ವರ ಸರಿ ಇರುತ್ತದೆ, ಮೈ ಇರುವುದಿಲ್ಲ.

ನನ್ನ ಲೆಕ್ಕ ಹೀಗೆ. ಮೂರನೇ ತೂತಿನ ಬೆಂಡ್ ತುಟಿಯಿಂದ ಹಿಡಿಯಿರಿ. ಅದೇ ವಾರದಿಂದ ಬೆಂಡ್ ಇಲ್ಲದ ಸುಲಭದ ಹಾಡುಗಳನ್ನು ನಾಲಿಗೆಯಿಂದ ನುಡಿಸಲು ಶುರು ಮಾಡಿ. ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ ಅಂದರೆ ಆಗುವುದಿಲ್ಲ, ತುಟಿ ಹಠ ಹಿಡಿದುಬಿಡುತ್ತದೆ.

ಗ್ರಹಭೇದ ಗೊತ್ತಿದ್ದವರಿಗೆ ಇದು ಸುಲಭ

ಇಂಗ್ಲಿಷ್ ಪಾಠಗಳಲ್ಲಿ ಪೊಸಿಷನ್ ಅಂತ ತಲೆ ತಿನ್ನುತ್ತಾರೆ. ಸಂಗೀತ ಪಾಠಕ್ಕೆ ನಾಲ್ಕು ದಿನ ಹೋದವರಿಗೂ ಗೊತ್ತಿರುವ ವಿಷಯ ಅದು, ಗ್ರಹಭೇದ. ಸಿ ಹಾರ್ಪ್ ಅಂದರೆ ಶಂಕರಾಭರಣ. ಅದನ್ನು ಹಾಗೇ ನುಡಿಸಿದರೆ ಫಸ್ಟ್ ಪೊಸಿಷನ್. ಅದರ ಪಂಚಮವನ್ನು ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿ, ಅದು ಸೆಕೆಂಡ್. ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಅದು ಥರ್ಡ್. ಇಷ್ಟೇ.

ಸೆಕೆಂಡ್ ಬ್ಲೂಸಿನ ತವರುಮನೆ. ಬ್ಲೂಸ್ ಸ್ಕೇಲ್ ಅಂತ ಹೇಳುವುದು ಶುದ್ಧ ಧನ್ಯಾಸಿಗೆ ಪ್ರತಿಮಧ್ಯಮವನ್ನು ಹಾದುಹೋಗುವ ಸ್ವರವಾಗಿ ಸೇರಿಸಿದ ಹಾಗಿದೆ. ಸಿ ಹಾರ್ಪಿನಲ್ಲಿ ಎರಡು ಎಳೆದರೆ ಷಡ್ಜ, ಮೂರರ ಅರ್ಧ ಬೆಂಡ್ ಗಾಂಧಾರ, ನಾಲ್ಕು ಊದಿದರೆ ಮಧ್ಯಮ, ನಾಲ್ಕರ ಬೆಂಡ್ ಪ್ರತಿಮಧ್ಯಮ, ನಾಲ್ಕು ಎಳೆದರೆ ಪಂಚಮ, ಐದು ಎಳೆದರೆ ನಿಷಾದ, ಆರು ಊದಿದರೆ ಮೇಲಿನ ಷಡ್ಜ. ಇದರಲ್ಲಿ ಕಷ್ಟದ್ದು ಒಂದೇ, ಅದೇ ಮೂರನೇ ತೂತು.

ಥರ್ಡ್‌ನಲ್ಲಿ ಒಂದು ಆಮಿಷ ಇದೆ. ನಾಲ್ಕು ಎಳೆದು ಶುರು ಮಾಡಿ, ಐದು ಎಳೆ, ಆರು ಊದು, ಆರು ಎಳೆ, ಏಳು ಊದು, ಎಂಟು ಎಳೆ. ಪೂರ್ತಿ ಶುದ್ಧ ಧನ್ಯಾಸಿ, ಒಂದೇ ಒಂದು ಬೆಂಡ್ ಇಲ್ಲ! ನಾನು ಇದನ್ನು ಕಂಡುಕೊಂಡ ದಿನ ಗೆದ್ದೆ ಅಂದುಕೊಂಡು ಆರು ತಿಂಗಳು ಅಲ್ಲೇ ಕೂತೆ. ಬೇಸರದ, ಗಂಭೀರ ಹಾಡುಗಳಿಗೆ ಅದು ಬಹಳ ಚೆನ್ನ. ಆದರೆ ಆ ಎರಡು ಗಾಂಧಾರಗಳ ನಡುವಿನ ಎಳೆತ ಅಲ್ಲಿ ಸಿಗುವುದಿಲ್ಲ, ಐದನೇ ತೂತು ಬಗ್ಗುವುದಿಲ್ಲವಲ್ಲ. ಆರು ತಿಂಗಳ ನಂತರವೂ ನನ್ನ ಮೂರನೇ ತೂತು ಇದ್ದಲ್ಲೇ ಇತ್ತು. ಮೊದಲು ಸೆಕೆಂಡ್, ಆಮೇಲೆ ರುಚಿಗೆ ಥರ್ಡ್. ಫಸ್ಟ್‌ನಲ್ಲೂ ಬ್ಲೂಸ್ ಇದೆ. ಜಿಮ್ಮಿ ರೀಡ್ ಅನ್ನುವ ಬ್ಲೂಸ್ ಗಾಯಕ ಎಂಟು, ಒಂಬತ್ತು, ಹತ್ತನೇ ತೂತುಗಳನ್ನು ಊದುತ್ತಲೇ ಬಗ್ಗಿಸಿ ನುಡಿಸಿದ್ದು ಕೇಳಿ. ಅದು ಬೇರೆಯೇ ಸಾಧನೆ, ಈಗಲೇ ಅವಸರ ಬೇಡ.

ಯಾರ ಹಿಂದೆ ಹೋಗುವುದು?

ಎದುರು ಕೂತು ಹೇಳಿಕೊಡುವ ಗುರು ಸಿಕ್ಕಿದರೆ ಉಳಿದದ್ದೆಲ್ಲ ಬಿಟ್ಟು ಅವರ ಹತ್ತಿರ ಹೋಗಿ. ಗಡಿನಾಡಿನಲ್ಲಿ ಅದು ನಡೆಯುವ ಮಾತಲ್ಲ. ಉಳಿದದ್ದು ಎರಡು ದಾರಿ. ಒಂದು, ಇಂಟರ್ನೆಟ್ ಪಾಠ. ಎರಡು, ಹಳೆಯ ಧ್ವನಿಮುದ್ರಿಕೆ ಕೇಳಿ ಕದಿಯುವುದು.

ಪಾಠಗಳಲ್ಲಿ ಆಡಂ ಗಸ್ಸೋ ಅವರದ್ದು ಯೂಟ್ಯೂಬಿನಲ್ಲಿ 2007ರಿಂದ ಇವೆ. ಅವರು ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು, ಬೀದಿಯಲ್ಲಿ ನುಡಿಸಿ ಬಂದವರೂ ಹೌದು. ಸುಮ್ನೆ ಬಂದು ಮಾತಾಡುವ ಹಾಗೆ ಹೇಳಿಕೊಡುತ್ತಾರೆ. ದುಡ್ಡು ಕೊಟ್ಟು ಸೇರುವ ಕೋರ್ಸುಗಳಲ್ಲಿ ಕ್ರಮ ಇರುತ್ತದೆ, ಆದರೆ ಒಂದು ನೋಡಿ ಸೇರಿ. ನೀವು ಕಳಿಸಿದ ರೆಕಾರ್ಡಿಂಗ್ ಕೇಳಿ ತಿದ್ದುವವರು ಇದ್ದಾರಾ? ನಾನು ಸೇರಿದ ಒಂದರಲ್ಲಿ ಇರಲಿಲ್ಲ. ಮೂವತ್ತೆರಡು ವಿಡಿಯೊ ನೋಡಿ ಮುಗಿಸಿದೆ, ಗಾಂಧಾರ ಮಾತ್ರ ಸೊಟ್ಟ. ತಿದ್ದಿದವರು ಯಾರು ಗೊತ್ತಾ? ಪಕ್ಕದ ಮನೆಯ ಸಂಗೀತದ ಟೀಚರ್. ಅವರಿಗೆ ಬ್ಲೂಸ್ ಅಂದರೆ ಏನೂ ಗೊತ್ತಿಲ್ಲ. ಅಡುಗೆಮನೆಯಿಂದಲೇ, "ಅದು ಸಾಧಾರಣ ಅಲ್ಲ, ಇನ್ನೂ ಸ್ವಲ್ಪ ಇಳಿಸು" ಅಂದರು. ಆಮೇಲೆ, "ಮೊದಲು ಬಾಯಲ್ಲಿ ಹಾಡು, ಮತ್ತೆ ಊದು." ಈ ಒಂದು ಮಾತು ಮೂವತ್ತೆರಡು ವಿಡಿಯೊಕ್ಕಿಂತ ಜಾಸ್ತಿ ಕೆಲಸ ಮಾಡಿತು. ನಿಮ್ಮ ಊರಲ್ಲೂ ಶ್ರುತಿಜ್ಞಾನ ಇರುವವರು ಒಬ್ಬರಾದರೂ ಇರುತ್ತಾರೆ. ವಾರಕ್ಕೊಮ್ಮೆ ಅವರಿಗೆ ಕೇಳಿಸಿ.

ಕದಿಯುವ ದಾರಿಯಲ್ಲಿ ದೊಡ್ಡ ಪ್ರಶ್ನೆ ಯಾರಿಂದ ಕದಿಯುವುದು ಅಂತ. ಎಲ್ಲರೂ ಲಿಟ್ಲ್ ವಾಲ್ಟರ್ ಕಡೆ ಓಡುತ್ತಾರೆ. ತಪ್ಪಲ್ಲ. 1952ರ ಅವರ 'ಜ್ಯೂಕ್' ಅಮೆರಿಕದ ರಿದಮ್ ಆಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು, ಅದೂ ಹಾಡೇ ಇಲ್ಲದ ಬರಿ ಹಾರ್ಪಿನ ತುಣುಕು. ಎ ಹಾರ್ಪಿನಲ್ಲಿ ಇ ಶ್ರುತಿಗೆ ನುಡಿಸಿದ್ದು. ಶುರುವಿನ ಸಾಲು ಸುಲಭ, ಒಂದು ವಾರದಲ್ಲಿ ಬರುತ್ತದೆ. ಮುಂದೆ ಹೋದ ಹಾಗೆ ಅವರು ತಾಳದ ಹಿಂದೆ ಮುಂದೆ ಆಡುತ್ತಾರೆ, ಅಲ್ಲಿ ಕೈಬಿಟ್ಟುಹೋಗುತ್ತದೆ.

ಎರಡನೇ ವರ್ಷದವರಿಗೆ ನಾನು ಹೇಳುವುದು ಸನ್ನಿ ಬಾಯ್ ವಿಲಿಯಮ್ಸನ್. ಇಲ್ಲೊಂದು ತಮಾಷೆ ಇದೆ, ಈ ಹೆಸರಿನವರು ಇಬ್ಬರು. ಒಬ್ಬರು ಜಾನ್ ಲೀ ವಿಲಿಯಮ್ಸನ್, 1948ರಲ್ಲಿ ಶಿಕಾಗೋದಲ್ಲಿ ಕೊಲೆಯಾದರು. ಇನ್ನೊಬ್ಬರು ರೈಸ್ ಮಿಲ್ಲರ್. ಮೊದಲಿನವರು ಬದುಕಿರುವಾಗಲೇ ಅದೇ ಹೆಸರು ಹಾಕಿಕೊಂಡು 1941ರಿಂದ ಆರ್ಕನ್ಸಾದ ರೇಡಿಯೊದಲ್ಲಿ ನುಡಿಸಿದವರು, 1965ರಲ್ಲಿ ತೀರಿಕೊಂಡರು. ನಾನು ಹೇಳುವುದು ಈ ಎರಡನೆಯವರು. ಯಾಕೆಂದರೆ ಸ್ವರ ಕಡಿಮೆ, ಖಾಲಿ ಜಾಗ ಜಾಸ್ತಿ. ಎರಡು ಸ್ವರ ನುಡಿಸಿ ಸುಮ್ಮನಾಗುತ್ತಾರೆ, ನೀವು ಕಾಯುತ್ತೀರಿ, ಆಮೇಲೆ ಒಂದೇ ಒಂದು ಬೆಂಡ್. ತಾಳಮದ್ದಳೆಯಲ್ಲಿ ಅನುಭವಿ ಅರ್ಥಧಾರಿ ಒಂದು ಮಾತು ಹೇಳಿ ಸಭೆಯ ಕಡೆ ನೋಡುತ್ತಾ ಕೂರುವುದನ್ನು ಕಂಡಿದ್ದೀರಲ್ಲ, ಅದೇ ಕಸುಬು. ಕದಿಯಲೂ ಸುಲಭ, ಫೋನಿನಲ್ಲಿ ವೇಗ 0.75ಕ್ಕೆ ಇಳಿಸಿದರೆ ಒಂದೊಂದು ಬೆಂಡೂ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಗಿಟಾರ್ ಸ್ನೇಹಿತರು ಇಲ್ಲದೆ ಒಬ್ಬರೇ ನುಡಿಸುವವರು ಸನ್ನಿ ಟೆರಿ ಕೇಳಿ. ತಾಳ, ಸ್ವರ, ನಡುನಡುವೆ ಕೂಗು, ಎಲ್ಲವೂ ಒಬ್ಬರೇ.

ಮೆಟ್ರೊನೋಮಾ, ಟ್ರ್ಯಾಕಾ, ಭಾವನಾ?

ಹನ್ನೆರಡು ಬಾರ್ ಬ್ಲೂಸ್ ಅಂತ ಒಂದು ಚೌಕಟ್ಟು ಇದೆ. ಒಂದು ಬಾರ್ ಅಂದರೆ ನಾಲ್ಕು ಎಣಿಕೆ, ಒಟ್ಟು 48. ಇಂಗ್ಲಿಷಿನಲ್ಲಿ ಎಣಿಸುತ್ತಾ ನಾನು ಎಂಟನೇ ಬಾರಿನಲ್ಲೇ ದಾರಿ ತಪ್ಪುತ್ತಿದ್ದೆ. ನನ್ನದೇ ವಯಸ್ಸಿನ ಭಾವ ಒಬ್ಬ ಮದ್ದಳೆ ಬಾರಿಸುತ್ತಾನೆ. ಮಳೆಗಾಲದ ಒಂದು ಸಂಜೆ ಕರೆಂಟ್ ಹೋಗಿತ್ತು, ಜಗಲಿಯಲ್ಲಿ ಕೂತು ಅವನಿಗೆ ವಿವರಿಸಿದೆ. ಸ್ವಲ್ಪ ಹೊತ್ತು ತೊಡೆ ತಟ್ಟಿ ನೋಡಿ, "ಎಂತ ಮಾರಾಯ, ಇದು ಆರು ಆವರ್ತ ಆದಿತಾಳ ಅಲ್ವಾ, ತಿಶ್ರ ನಡೆಯಲ್ಲಿ" ಅಂದ. ಎಂಟು ಎಣಿಕೆಯ ಆರು ಆವರ್ತ, 48, ಸರಿಯಾಗಿ ಕೂತಿತು! ಮೊದಲ ಎರಡು ಆವರ್ತ ಷಡ್ಜದ ಮನೆ, ಅಂದರೆ ಜೊತೆಗಿರುವ ಗಿಟಾರ್ ಷಡ್ಜವನ್ನು ಆಧಾರ ಮಾಡಿಕೊಂಡು ನುಡಿಯುತ್ತದೆ. ಮೂರನೆಯದು ಮಧ್ಯಮದ ಮನೆ. ನಾಲ್ಕನೆಯದು ತಿರುಗಿ ಷಡ್ಜ. ಐದನೆಯದು ಅರ್ಧ ಪಂಚಮ, ಅರ್ಧ ಮಧ್ಯಮ. ಆರನೆಯದು ಷಡ್ಜಕ್ಕೆ ಬಂದು, ಕೊನೆಯಲ್ಲಿ ಪಂಚಮಕ್ಕೆ ಹೊರಳಿ ಮತ್ತೆ ಮೊದಲಿಗೆ. ಬ್ಲೂಸಿನ ಕುಂಟುನಡೆಗೆ ಷಫಲ್ ಅನ್ನುತ್ತಾರೆ, ಒಂದೊಂದು ಎಣಿಕೆಯನ್ನೂ ಮೂರಾಗಿ ಒಡೆದರೆ ಅದು ಬರುತ್ತದೆ.

ಭಾವ ತೊಡೆ ತಟ್ಟಿದ, ನಾನು ಎಳೆದೆ. ಮೂರನೇ ಆವರ್ತಕ್ಕೆ ಬಂದ ಕೂಡಲೇ ಮುಖ ಹಿಂಡಿದ. "ಅಲ್ಲಿ ಎಂತದೋ ಹುಳಿ ಬರ್ತಾ ಉಂಟು." ಸರಿಯಾಗಿಯೇ ಹಿಡಿದ. ಷಡ್ಜದ ಮನೆಯಲ್ಲಿ ಮೂರನೇ ತೂತನ್ನು ಎರಡು ಗಾಂಧಾರಗಳ ನಡುವೆ ಎಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಮಧ್ಯಮದ ಮನೆಗೆ ಹೋದಾಗ ಹಾಗಲ್ಲ, ಅಲ್ಲಿ ಸಾಧಾರಣ ಗಾಂಧಾರಕ್ಕೇ ಪೂರ್ತಿ ಇಳಿಯಬೇಕು. ನಾನು ಬೆಂಡ್ ಮಾಡದೆ ಅಂತರದಲ್ಲೇ ಬಿಟ್ಟಿದ್ದೆ. ಇದನ್ನು ಟಿಕ್ ಟಿಕ್ ಅಂತ ಲಯ ಮಾತ್ರ ತೋರಿಸುವ ಮೆಟ್ರೊನೋಮ್ ಹೇಳುವುದಿಲ್ಲ, ಅದಕ್ಕೆ ಕಿವಿ ಇಲ್ಲ. ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಪಕ್ಕವಾದ್ಯ ಮಾತ್ರ ಇರುವ ರೆಕಾರ್ಡಿಂಗ್, ಹಾಕಿದರೆ ಹುಳಿ ಕೇಳುತ್ತದೆ, ಆದರೆ ಅದು ನಿಮಗಾಗಿ ನಿಲ್ಲುವುದಿಲ್ಲ. ಮೊದಲ ತಿಂಗಳು ಮೆಟ್ರೊನೋಮ್ 60ಕ್ಕೆ ಇಟ್ಟು ಬೆಂಡ್, ಆಮೇಲೆ ನಿಧಾನದ ಟ್ರ್ಯಾಕ್. ಭಾವ ಇದ್ದರೆ ಎರಡನ್ನೂ ಬಿಟ್ಟು ಭಾವ. ಚಹಾ, ಪೋಡಿ ಖರ್ಚು ಇದೆ, ಅದು ಲೆಕ್ಕಕ್ಕಿಲ್ಲ.

ಈಗಲೇ ಬೇಡದ್ದು

ಓವರ್‌ಬ್ಲೋ ಅಂತ ಒಂದು ಇದೆ. ಬೆಂಡಿನಿಂದ ಸಿಗದ ಸ್ವರಗಳನ್ನು ಬೇರೆ ರೀತಿ ಊದಿ ತೆಗೆಯುವುದು. ಹೋವರ್ಡ್ ಲೆವಿ 1970ರ ಆಸುಪಾಸಿನಲ್ಲಿ ಇದನ್ನು ಬೆಳೆಸಿ, ಹತ್ತು ತೂತಿನಲ್ಲೇ ಹನ್ನೆರಡೂ ಸ್ವರ ನುಡಿಸಿ ತೋರಿಸಿದರು. ಆರನೇ ತೂತಿನಲ್ಲಿ ಅದು ಬಂದರೆ ಮೇಲಿನ ಸ್ಥಾಯಿಯ ಸಾಧಾರಣ ಗಾಂಧಾರ ಸಿಗುತ್ತದೆ. ಆದರೆ ರೀಡುಗಳ ಎಡೆ ಕೂದಲೆಳೆಯಷ್ಟು ಹದ ಮಾಡಿರಬೇಕು. ಕೆಳಗಿನ ಗಾಂಧಾರವೇ ನಿಲ್ಲದವರು ಮೇಲಿನದ್ದರ ಗೊಡವೆಗೆ ಹೋಗುವುದು ಯಾಕೆ?

ಪಕ್ಕದಲ್ಲಿ ಗುಂಡಿ ಇರುವ ಕ್ರೊಮ್ಯಾಟಿಕ್ ಮೌತ್ ಆರ್ಗನ್ ಬೇಕಾ? ಗುಂಡಿ ಒತ್ತಿದರೆ ಅರ್ಧ ಸ್ವರ ಏರುತ್ತದೆ, ರಾಗಕ್ಕೆ, ಸಿನಿಮಾ ಹಾಡಿಗೆ ಬಹಳ ಒಳ್ಳೆಯದು. ಅದು ಬೇರೆ ವಾದ್ಯ ಅಂತಲೇ ತಿಳಿದು ಕೊಳ್ಳಿ.

ಮೈಕು, ಆಂಪ್ಲಿಫಯರ್. ಗ್ರೀನ್ ಬುಲೆಟ್ ಅಂತ ಹಸಿರು ಗುಂಡಗಿನ ಮೈಕಿನ ಚಿತ್ರ ನೋಡಿ ಆಸೆಪಡದ ಹಾರ್ಪಿನವರು ಇಲ್ಲ. ನಾನೂ ಎರಡು ಸಲ ಕಾರ್ಟಿಗೆ ಹಾಕಿ ತೆಗೆದಿದ್ದೇನೆ. ಎರಡು ಕೈಯಿಂದ ಮೈಕನ್ನೂ ಹಾರ್ಪನ್ನೂ ಒಟ್ಟಿಗೆ ಗಾಳಿಯಾಡದ ಹಾಗೆ ಮುಚ್ಚಿ ಹಿಡಿಯಲು ಬಂದರೆ ಮಾತ್ರ ಅದರ ಬೆಲೆ. ಆ ಮುಚ್ಚುವುದನ್ನು ಮೈಕ್ ಇಲ್ಲದೆಯೂ ಕಲಿಯಬಹುದು. ಬೊಗಸೆಯೊಳಗೆ ಹಾರ್ಪ್ ಇಟ್ಟು ಬಲಗೈ ತೆರೆದು ಮುಚ್ಚಿ ಮಾಡಿದರೆ "ವಾ ವಾ" ಅಂತ ಅದೇ ಮಾತಾಡುತ್ತದೆ. ಮತ್ತೆ ನಮ್ಮಲ್ಲಿ ಜೂನ್ ಬಂದರೆ ಸಂಜೆ ಹೊತ್ತು ಕರೆಂಟ್ ಎಲ್ಲಿರುತ್ತದೆ, ಆಂಪ್ಲಿಫಯರ್ ತಂದು ಅದರ ಮೇಲೆ ಅಡಿಕೆ ಒಣಗಿಸುವುದಾ?